ಬಿಸಿಲಿನ ಕಡೆಯ ಊರು

ಗೋವಾದ ಕಲಂಗುಟ್‌ನಲ್ಲಿ ಎಲ್ಲರೂ ಮಾರುವುದು ಬಿಸಿಲನ್ನೇ. ಸಮುದ್ರ, ಮೀನು, ಮಸಾಜು ಎಲ್ಲ ಆಮೇಲಿನ ಮಾತು. ನಾನು ಹನ್ನೊಂದು ವರ್ಷ ಕೆಲಸ ಮಾಡಿದ ಟ್ರಾವೆಲ್ ಆಫೀಸಿಗೆ ರೂಮು ಹುಡುಕಿಕೊಂಡು ಬಂದವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಬಾಲ್ಕನಿಗೆ ಬಿಸಿಲು ಬರುತ್ತದೆಯೇ? ಬರುತ್ತದೆ ಎಂದರೆ ಮುಖ ಅರಳುತ್ತಿತ್ತು. ಮಧ್ಯಾಹ್ನದ ಮೇಲೆ ನೆರಳು ಎಂದರೆ ಮೂಗು ಮುರಿಯುತ್ತಿದ್ದರು. ಈ ಪ್ರಶ್ನೆಗೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದರೆ, ಯಾವ ಊರಿನ ಯಾವ ಹೋಟೆಲಿನ ವಿವರ ಮುಂದೆ ಬಂದರೂ ಕಣ್ಣು ಮೊದಲು ಬಿಸಿಲು ಎಲ್ಲಿದೆ ಎಂದೇ ಹುಡುಕುತ್ತಿತ್ತು. ಹಿಮ ಬೀಳುವ ಊರಿನ ವಿವರ ಬಂದಾಗಲೂ ಅದನ್ನೇ ಹುಡುಕಿತು. ಅದರಿಂದ ಹಿರಿಯರೊಬ್ಬರ ಒಂದೇ ಒಂದು ಆಸೆ ಹಾಳಾಯಿತು. ಬರೀ ದಡ್ಡತನವಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಸಡಾದಲ್ಲಿ, ಮುರಗಾಂವ ಬಂದರಿನ ಮೇಲಿನ ಗುಡ್ಡದಲ್ಲಿ. ವಿಜಯಪುರದ ಕಡೆಯಿಂದ ಬಂದ ಕುಟುಂಬ ನಮ್ಮದು. ಅಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ, ಅವ್ವ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಶಾಲೆ ಬಿಟ್ಟು ಬಂದರೆ ಮನೆಗೆ ಬೀಗ. ಆಗ ನಾನು ನೇರವಾಗಿ ಹೋಗುತ್ತಿದ್ದದ್ದು ಪಕ್ಕದ ಮನೆಗೆ. ಅಲ್ಲಿ ಚಾಚಿ ಇರುತ್ತಿದ್ದಳು. ಅವಳೂ ಅವಳ ಗಂಡ ಚಾಚಾನೂ ನಮ್ಮ ಕಡೆಯವರೇ, ಮುಸಲ್ಮಾನರು, ಮನೆಮಾತು ಕನ್ನಡವೇ, ಮಕ್ಕಳಿರಲಿಲ್ಲ. ಚಾಚಿ ನನಗೆ ಬಿಸಿ ರೊಟ್ಟಿ ಹಾಕಿ, ತಲೆ ಬಾಚಿ, ಅವ್ವ ಬರುವವರೆಗೂ ಕಣ್ಣ ಮುಂದೆ ಕೂರಿಸಿಕೊಳ್ಳುತ್ತಿದ್ದಳು. ನನ್ನ ಮಟ್ಟಿಗೆ ಅದು ಪಕ್ಕದ ಮನೆ ಆಗಿರಲೇ ಇಲ್ಲ.

ಚಾಚಾ ಲಾರಿ ಡ್ರೈವರ್. ಊರ ಕಡೆಯಿಂದ ಈರುಳ್ಳಿ, ಸಕ್ಕರೆ, ಸಿಮೆಂಟು ತುಂಬಿಕೊಂಡು ಘಾಟ್ ಇಳಿದು ಮೊಲೆಂ ದಾಟಿ ಗೋವಾಕ್ಕೆ ತರುವುದು ಅವರ ಕೆಲಸ. ಒಮ್ಮೆ, ನನಗೆ ಎಂಟೋ ಒಂಬತ್ತೋ ವರ್ಷ, ಬೇಸಿಗೆ ರಜೆ ಮುಗಿಸಿ ಊರಿನಿಂದ ಅವರ ಲಾರಿಯಲ್ಲೇ ಬಂದೆ. ಘಾಟ್ ಶುರುವಾದದ್ದೇ ಚಾಚಾ ಮಾತು ನಿಲ್ಲಿಸಿದರು. ಬಲಗಾಲು ಬ್ರೇಕಿನ ಮೇಲೆ, ಹಣೆಯಲ್ಲಿ ಬೆವರು, ಹಿಂದೆ ಅಷ್ಟೂ ಈರುಳ್ಳಿಯ ಭಾರ. ಕೆಳಗೆ ಮೊಲೆಂನಲ್ಲಿ ಲಾರಿ ನಿಲ್ಲಿಸಿ ಇಳಿದಾಗ ಅವರ ಕಾಲು ನಡುಗುತ್ತಿತ್ತು. ಚಹಾ ಕುಡಿಯುತ್ತ ನನ್ನ ಕಡೆ ನೋಡಿ ನಕ್ಕರು. "ಹತ್ತೂದು ಲಾರಿ ಕೆಲಸ ಅವ್ವಾ. ಇಳಿಯೂದು ನನ್ನ ಕೆಲಸ."

ಓದು ಮುಗಿದ ಮೇಲೆ ನಾನು ಕಲಂಗುಟ್‌ಗೆ ಬಂದೆ. ಅಪ್ಪ ತೀರಿಕೊಂಡಿದ್ದ, ಅವ್ವ ವಾಸ್ಕೋದಲ್ಲಿ ಅಣ್ಣನ ಮನೆ ಸೇರಿದ್ದಳು. ಆಫೀಸಿನಲ್ಲಿ ಯಾರೋ ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದರು. ಪೋರ್ಟಿನಲ್ಲಿದ್ದರು ಎಂದೆ. ಓ, ಆಫೀಸರ್ ಆಗಿದ್ದರಾ ಎಂದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಂದಿನಿಂದ ನಾನು ಆಫೀಸರ್ ಮಗಳಾದೆ. ಘಟ್ಟದ ಆಚೆಯಿಂದ ದುಡಿಯಲು ಬಂದವರನ್ನು ಗೋವಾದಲ್ಲಿ ಘಾಟಿ ಎನ್ನುತ್ತಾರೆ. ಅದು ಬೈಗುಳ. ಆಫೀಸಿನಲ್ಲಿ ಯಾರಾದರೂ ಆ ಮಾತು ಆಡಿ ನಕ್ಕರೆ ನಾನೂ ನಗುತ್ತಿದ್ದೆ. ಕೊಂಕಣಿ, ಹಿಂದಿ, ಇಂಗ್ಲಿಷು ಮೂರೂ ಚೆನ್ನಾಗಿ ಬರುತ್ತಿದ್ದವು. ಕನ್ನಡವನ್ನು ಅವ್ವನ ಫೋನಿಗೆ ಮಾತ್ರ ಇಟ್ಟುಕೊಂಡಿದ್ದೆ. ಆ ಫೋನನ್ನೂ ರಸ್ತೆಗೆ ಹೋಗಿ ಮಾತಾಡುತ್ತಿದ್ದೆ.

ನಮ್ಮ ಧಂದೆಯಲ್ಲಿ ಒಂದು ರೂಢಿ ಇತ್ತು. ಗಿರಾಕಿ, ನೀವು ಹೋಗಿದ್ದೀರಾ ಎಂದು ಕೇಳಿದರೆ ಹೋಗಿ ಬಂದಿದ್ದೇನೆ ಎನ್ನಬೇಕು. ಮಾಲೀಕರು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು. ಅದಕ್ಕೆ ಬೇಕಾದ ಸರಕು ಹೋಗಿ ಬಂದ ಗಿರಾಕಿಗಳಿಂದಲೇ ಸಿಗುತ್ತಿತ್ತು: ಯಾವ ಹೋಟೆಲಿನ ತಿಂಡಿ ಚೆನ್ನ, ಯಾವ ರೂಮಿನಿಂದ ಬೆಟ್ಟ ಕಾಣುತ್ತದೆ. ನಾನು ಹಾಗೆ ಬಾಯಲ್ಲೇ ಅರ್ಧ ದೇಶ ಸುತ್ತಿದ್ದೆ. ಗೋವಾ ಬಿಟ್ಟರೆ ನನ್ನ ಕಾಲು ತುಳಿದ ನೆಲ ವಿಜಯಪುರದ್ದು ಮಾತ್ರ.

ಮೂರು ವರ್ಷದ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಚಾಚಾ, ಚಾಚಿ ಬಂದರು. ಸೋಫಾದ ಮೇಲೆ ದೆಹಲಿಯ ಗಂಡಹೆಂಡತಿ ನನಗಾಗಿ ಕಾಯುತ್ತಿದ್ದರು. ಮಾಲೀಕರು ಗಾಜಿನ ಕೋಣೆಯಲ್ಲಿದ್ದರು. ಪಕ್ಕದ ಮೇಜಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರಿದ್ದರು. ನಮ್ಮಲ್ಲಿ ನಿಜವಾಗಿಯೂ ಊರೂರು ಸುತ್ತಿದವರು ಅವರೊಬ್ಬರೇ, ಪ್ರತಿ ಚಳಿಗಾಲ ಗುಂಪು ಕಟ್ಟಿಕೊಂಡು ಹಿಮಾಲಯಕ್ಕೆ ಹೋಗುತ್ತಿದ್ದರು. ಚಾಚಿ ಬಾಗಿಲಲ್ಲೇ ನನ್ನನ್ನು ನೋಡಿ ಎರಡೂ ಕೈ ಎತ್ತಿದಳು.

"ಏ ನನ್ನವ್ವ! ಎಷ್ಟ್ ವರ್ಷ ಆತು ನಿನ್ನ ಮಾರಿ ನೋಡಿ! ನಿಮ್ಮವ್ವ ವಿಳಾಸ ಕೊಟ್ಲು, ಹುಡಿಕ್ಕೋತ ಬಂದ್ವಿ ನೋಡು."

ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದೇಬಿಟ್ಟಳು. ಮಾದಲಿ. ಬೆಲ್ಲ, ಏಲಕ್ಕಿ, ತುಪ್ಪದ ವಾಸನೆ ಏಸಿಯ ಗಾಳಿಯಲ್ಲಿ ಆಫೀಸು ತುಂಬ ಹರಡಿತು. ದೆಹಲಿಯ ಹೆಂಗಸು ತಲೆ ಎತ್ತಿ ನೋಡಿದಳು. ನಾನು ಡಬ್ಬಿ ಮುಚ್ಚಿ ಕೌಂಟರಿನ ಕೆಳಗೆ ಕಾಲ ಹತ್ತಿರ ಇಟ್ಟೆ.

ಚಾಚಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. "ನಿಮ್ಮ ಚಾಚಾಗ ಹುಚ್ಚ ಹಿಡದೈತಿ," ಎಂದು ಶುರು ಮಾಡಿದಳು. "ಲಾರಿ ಬಿಟ್ಟು ಮನ್ಯಾಗ ಕುಂತಾಗಿಂದ ಹಗಲೆಲ್ಲಾ ಮೊಬೈಲ್ ನೋಡೂದು. ಕಾಲಿಗೆ ಪಟ್ಟಿ ಕಟಗೊಂಡು ಬರ್ಫದ ಮ್ಯಾಲ ಸೊಂಯ್ ಅಂತ ಜಾರತಾರಲ್ಲ, ಅದನ್ನ. ಈಗ ತಾನೂ ಜಾರಬೇಕಂತ! ಈ ವಯಸ್ಸಿನ್ಯಾಗ ಜಾರಬಂಡಿ!"

ಚಾಚಾ ನಾಚಿಕೊಂಡು ನಕ್ಕರು. ಬಲ ಮೊಣಕಾಲಿಗೆ ಮಳೆಗಾಲದ ಮೊದಲು ಆಪರೇಶನ್ ಎಂದು ನಿಶ್ಚಯವಾಗಿತ್ತು. ಹೊಸ ಕೀಲು ಹಾಕಿದ ಮೇಲೆ ಇಂಥದ್ದೆಲ್ಲ ಬಂದ್ ಎಂದು ಡಾಕ್ಟರ್ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಅದಕ್ಕೆ ಮೊದಲು, ಕಲಿಸುವವರ ಕೈ ಹಿಡಿದು, ಮಕ್ಕಳು ಕಲಿಯುವ ಸಣ್ಣ ಇಳಿಜಾರಿನಲ್ಲಿ ಒಂದೆರಡು ಸಲ ಜಾರಿದರೆ ಅಡ್ಡಿಯಿಲ್ಲ ಎಂದು ನಕ್ಕು ಒಪ್ಪಿಗೆ ಕೊಟ್ಟಿದ್ದರಂತೆ.

"ಹಂಗಲ್ಲವಾ," ಚಾಚಾ ಕೌಂಟರಿಗೆ ಬಾಗಿ, ತಮಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದರು. "ಮೂವತ್ತು ವರ್ಷ ಇಳಿಜಾರಿನ್ಯಾಗ ಬ್ರೇಕ್ ತುಳಕೋತ ಬಂದೇನಿ. ಒಮ್ಮಿ, ಒಂದ ಒಮ್ಮಿ, ತುಳೀದ ಇಳೀಬೇಕಂತ ಮನಸ್ಸಾಗೇತಿ."

ಈಗ ಆ ಮಾತು ನೆನೆದರೆ ಕಣ್ಣು ತುಂಬುತ್ತದೆ. ಆಗ ನನ್ನ ತಲೆಯಲ್ಲಿದ್ದದ್ದು, ಅವರು ಕನ್ನಡದಲ್ಲಿ ಮಾತಾಡುತ್ತಿದ್ದಾರೆ, ಪಕ್ಕದ ಮೇಜಿನವರು ಕೇಳಿಸಿಕೊಳ್ಳುತ್ತಿದ್ದಾರೆ, ಇಷ್ಟೇ. ನನ್ನ ಬಾಯಿಂದ ಹೊರಟದ್ದು ಹಿಂದಿ. "ಜೀ, ಬೈಠಿಯೇ," ಎಂದೆ.

ಚಾಚಿ ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಳು. "ನಮ್ಮ ಕೂಡ ಎಂಥಾ ಹಿಂದಿ ಅವ್ವಾ?" ಎಂದು ನಕ್ಕಳು. ನಾನು ನಗಲಿಲ್ಲ. ಅವರ ಕಾಗದಪತ್ರ ತಂದಿದ್ದಾರೆಯೇ ಎಂದು ಹಿಂದಿಯಲ್ಲೇ ಕೇಳಿದೆ. ಚಾಚಾ ನನ್ನ ಮುಖ ನೋಡಿದರು. ಸೋಫಾದಲ್ಲಿ ಕೂತವರನ್ನು ನೋಡಿದರು, ಗಾಜಿನ ಕೋಣೆಯ ಕಡೆ ನೋಡಿದರು. ಆಮೇಲೆ ಚಾಚಿಯ ತೋಳು ಮೆಲ್ಲಗೆ ಜಗ್ಗಿ, ನೆಟ್ಟಗೆ ಕೂತು, ತಾವೂ ಹಿಂದಿಗೆ ಬಂದರು. ಮೊದಲು ಅಂದದ್ದೇ "ಮೇಡಂ" ಎಂದು.

ನನ್ನನ್ನು ಮೇಡಂ ಎಂದರು. ಸಿಂಬಳ ಒರೆಸಿ ಬೆಳೆಸಿದ ಹುಡುಗಿಯನ್ನು. ಚಾಚಿಯ ನಗು ಅರ್ಧಕ್ಕೇ ನಿಂತಿತು. ನನಗೆ ಆ ಕ್ಷಣದಲ್ಲಿ ಆದದ್ದು ನಾಚಿಕೆಯಲ್ಲ, ಸಮಾಧಾನ. ಸದ್ಯ, ಚಾಚಾಗೆ ಅರ್ಥವಾಯಿತು ಎಂದುಕೊಂಡೆ. ನಾಚಿಕೆ ಬರಬೇಕಾದ ಹೊತ್ತಿಗೆ ಬರದೆ, ಆಮೇಲೆ ಒಟ್ಟಿಗೆ ಬಂದು ಇವತ್ತಿನವರೆಗೂ ಹೋಗಿಲ್ಲ.

ಚಾಚಾ ಜೇಬಿನಿಂದ ಚೀಟಿ ತೆಗೆದರು. ಹಿಮಾಲಯದ ಎರಡು ಊರಿನ ಹೆಸರು ಬರೆದಿದ್ದರು. ಎರಡೂ ಸಣ್ಣ ಊರು, ನಡುವೆ ಒಂದೇ ಒಂದು ಗುಡ್ಡ. ಗುಡ್ಡದ ಈಚೆಗೂ ಸ್ಕೀ ಆಡುವ ಇಳಿಜಾರಿದೆ, ಆಚೆಗೂ ಇದೆ. ವಿಡಿಯೋಗಳ ಕೆಳಗೆ ಜನ ಇದು ಚೆನ್ನ, ಅದು ಚೆನ್ನ ಎಂದು ಜಗಳವಾಡುತ್ತಾರೆ. ಯಾವುದಕ್ಕೆ ಹೋಗುವುದು ತಿಳಿಯದೆ ನನ್ನನ್ನು ಕೇಳಲು ಸಡಾದಿಂದ ಮೂರು ಬಸ್ಸು ಬದಲಿಸಿ ಬಂದಿದ್ದರು. ಹೋಗುವುದು ಫೆಬ್ರವರಿ ಕೊನೆಯ ವಾರ, ಇರುವುದು ನಾಲ್ಕು ದಿನ.

ಕಂಪ್ಯೂಟರಿನಲ್ಲಿ ಎರಡೂ ಊರಿನ ಹೋಟೆಲು ತೆಗೆದೆ. ಮೊದಲನೆಯದರ ಕೆಳಗೆ, ದಕ್ಷಿಣಕ್ಕೆ ಮುಖ, ದಿನವಿಡೀ ಬಿಸಿಲು ಎಂದಿತ್ತು. ಹಳದಿ ಬಣ್ಣದ ಬಾಲ್ಕನಿ, ಬೆತ್ತದ ಕುರ್ಚಿ. ಎರಡನೆಯದರಲ್ಲಿ ಮಧ್ಯಾಹ್ನ ಎರಡಕ್ಕೇ ಬಿಸಿಲು ಹೋಗುತ್ತದೆ. ಕಪ್ಪಗಿನ ದೇವದಾರು ಮರ, ನೆರಳಿನಲ್ಲಿ ನೀಲಿಯಾಗಿ ಕಾಣುವ ಹಿಮ. ಕಲಂಗುಟ್‌ನಲ್ಲಿ ಕೂತವಳಿಗೆ ಇದರಲ್ಲಿ ಯೋಚಿಸುವುದೇನಿದೆ? ನೆರಳಿನ ರೂಮು ಯಾರಿಗೆ ಬೇಕು? ಬಿಸಿಲು ಬಿದ್ದ ಕಡೆ ಹಿಮ ನಿಲ್ಲುವುದಿಲ್ಲ ಎಂಬುದು ಮೂರನೇ ಇಯತ್ತೆಯ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು, ಹೊಳೆಯಲಿಲ್ಲ. ಹೊಳೆಯುವಷ್ಟು ಹೊತ್ತು ನಾನು ಯೋಚಿಸಲೂ ಇಲ್ಲ. ಇವರು ಬೇಗ ಎದ್ದು ಹೋದರೆ ಸಾಕಾಗಿತ್ತು.

ಬಿಸಿಲಿನ ಊರನ್ನೇ ತೋರಿಸಿದೆ. ಹಿಮ ಎಲ್ಲಿ ಜಾಸ್ತಿ ಎಂದು ಚಾಚಾ ಕೇಳಿದರು. ಎರಡೂ ಒಂದೇ, ನಡುವೆ ಗುಡ್ಡ ಅಷ್ಟೇ ಎಂದೆ. ಆಗ ಚಾಚಿ ತನ್ನ ಹರಕು ಹಿಂದಿಯಲ್ಲಿ, ನೀನು ಹೋಗಿದ್ದೀಯಾ ಎಂದು ಕೇಳಿದಳು. ಹೋಗಿ ಬಂದಿದ್ದೇನೆ ಎಂದೆ. ಅಷ್ಟು ವರ್ಷದ ಅಭ್ಯಾಸ, ನಾಲಿಗೆ ತೊದಲಲಿಲ್ಲ. ಚಾಚಿಯ ಮುಖ ಮತ್ತೆ ಬೆಳಗಿತು. ಹಿಂದಿ ಮರೆತು, "ನಮ್ಮ ಹುಡುಗಿ ಬರ್ಫ ನೋಡಿ ಬಂದೈತಿ ನೋಡ್ರಿ!" ಎಂದು ಚಾಚಾನ ಭುಜ ತಟ್ಟಿದಳು.

ದಾರಿ ಹೇಗಿದೆ ಮೇಡಂ ಎಂದು ಚಾಚಾ ಕೇಳಿದರು. ಚೆನ್ನಾಗಿದೆ ಎಂದು ಹೇಳಿ, ರೂಮಿನ ಹೀಟರು, ಬಾಲ್ಕನಿ, ತಿಂಡಿಯ ಆಲೂ ಪರಾಠಾಗಳ ವರ್ಣನೆಗೆ ಹೋದೆ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಚೀಟಿ ಮಡಚಿ ಜೇಬಿಗಿಟ್ಟು, ಹಾಗಾದರೆ ಇದೇ ಇರಲಿ ಎಂದು ಮುಂಗಡ ಕೊಟ್ಟು ಎದ್ದರು. ಬಾಗಿಲು ದಾಟುವಾಗ ಚಾಚಿ ಎರಡು ಸಲ ತಿರುಗಿ ನೋಡಿದಳು. ಚಾಚಾ ತಿರುಗಲಿಲ್ಲ.

ಪರಿಚಯದವರಾ ಎಂದು ಪಕ್ಕದ ಮೇಜಿನವರು ಕೇಳಿದರು. "ಅಪ್ಪನ ಹಳೇ ಡ್ರೈವರ್," ಎಂದೆ. ಡ್ರೈವರ್ ಎಂಬುದೊಂದು ನಿಜವಿತ್ತಲ್ಲ ಎಂದು ಆ ಹೊತ್ತಿನಲ್ಲಿ ನನಗೆ ನಾನೇ ಸಬೂಬು ಹೇಳಿಕೊಂಡದ್ದೂ ನೆನಪಿದೆ. ಮಾದಲಿಯನ್ನು ಸಂಜೆ ರೂಮಿಗೆ ಒಯ್ದು ಪೂರ್ತಿ ತಿಂದೆ. ಯಾರಿಗೂ ಕೊಡಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಅವರು ಆ ಬಿಸಿಲಿನ ಊರು ಮುಟ್ಟಿದ ಎರಡನೆಯ ದಿನ ಚಾಚಿಯ ಫೋನು ಬಂತು. ನಾನು ಎಂದಿನಂತೆ ರಸ್ತೆಗೆ ಹೋಗಿ, ಬೇಕರಿಯ ಪಕ್ಕ ನಿಂತು ಎತ್ತಿಕೊಂಡೆ.

"ಇಲ್ಲಿ ಬರ್ಫ ಇಲ್ಲ ಅವ್ವಾ," ಎಂದಳು. ದನಿಯಲ್ಲಿ ದೂರಿರಲಿಲ್ಲ, ತಾನೇ ಏನೋ ತಪ್ಪು ಮಾಡಿದವಳ ಹಾಗಿದ್ದಳು. "ಎಲ್ಲಾ ಕರಗಿ ರಾಡಿ ಆಗೇತಿ. ಹುಲ್ಲು ಕಾಣಾಕತ್ತೈತಿ. ಸ್ಕೀ ಕಲಸವ್ರೆಲ್ಲಾ ಗುಡ್ಡದ ಆ ಕಡೆ ಊರಿಗೆ ಹೋಗ್ಯಾರಂತ. ಅಲ್ಲಿ ಮೊಣಕಾಲ ತನಾ ಐತಂತ. ಬಾಲ್ಕನ್ಯಾಗ ಕುಂತರ ಆ ಗುಡ್ಡದ ತುದಿ ಬೆಳ್ಳಗ ಕಾಣತೈತಿ. ಹೋಗೂಣು ಅಂದ್ರ ಗುಡ್ಡದ ಮ್ಯಾಲಿನ ರಸ್ತಾ ಬರ್ಫ ಬಿದ್ದು ಬಂದ್ ಆಗೇತಿ. ಏನ್ ಮಾಡೂಣವಾ? ನೀ ಹೋಗಿ ಬಂದಾಕಿ, ಬ್ಯಾರೆ ದಾರಿ ಏನರ ಐತೇನು?"

ಬಿಸಿಲು, ನೆರಳು, ದಕ್ಷಿಣದ ಮುಖ, ಎಲ್ಲ ಆ ಬೇಕರಿಯ ಮುಂದೆ ಒಮ್ಮೆಗೇ ತಲೆಗೆ ಹೋಯಿತು. ಹಿಂದೆ ಗಾಜಿನ ಬಾಗಿಲ ಒಳಗೆ, ಹತ್ತು ಹೆಜ್ಜೆ ದೂರದಲ್ಲಿ, ಆ ಬೆಟ್ಟಗಳನ್ನು ಅಂಗೈಯಷ್ಟು ಚೆನ್ನಾಗಿ ಬಲ್ಲ ಪಕ್ಕದ ಮೇಜಿನವರು ಕೂತಿದ್ದರು. ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಮೊದಲು ಅವರು ಅನ್ನುತ್ತಿದ್ದದ್ದು, ನಿನಗೇ ಗೊತ್ತಿರಬೇಕಲ್ಲ, ನೀನು ಹೋಗಿದ್ದೆ ಎಂದು ಎಲ್ಲರಿಗೂ ಹೇಳುತ್ತೀಯಲ್ಲ ಎಂದು. ಆಮೇಲೆ, ಹಳೇ ಡ್ರೈವರಿಗಾಗಿ ಇಷ್ಟು ಯಾಕೆ ಒದ್ದಾಡುತ್ತೀ ಎಂದು. ನಾನು ಗಾಜಿನ ಬಾಗಿಲಿಗೆ ಬೆನ್ನು ಮಾಡಿ ನಿಂತೆ.

"ಒಂದ್ ದಿನ ತಡೀರಿ ಚಾಚಿ," ಎಂದೆ. ಇಷ್ಟು ದಿನಕ್ಕೆ ಅವಳೊಡನೆ ಕನ್ನಡ ಆಡಿದ್ದು ಸುಳ್ಳು ಹೇಳಲು. "ನಾ ಹೋದಾಗೂ ಮೊದಲ ದಿನ ಹಿಂಗ ಇತ್ತು. ಮರುದಿನ ಭಾಳ ಬಿತ್ತು. ನಾಳೆ ಬಿದ್ದ ಬೀಳತೈತಿ."

"ಹೌದೇನು? ಹಂಗಾರ ಕಾಯ್ತೀವಿ ಬಿಡು," ಎಂದಳು ಚಾಚಿ. ಫೋನು ಇಡುವ ಮುಂಚೆ ಚಾಚಾಗೆ ಕೂಗಿ ಹೇಳಿದ್ದು ಕೇಳಿಸಿತು: ನಾಳೆ ಬೀಳತೈತಂತ, ಆಕಿ ಹೇಳ್ಯಾಳ.

ಮರುದಿನ ಬೀಳಲಿಲ್ಲ. ಚಾಚಿ ಎರಡು ಸಲ ಫೋನು ಮಾಡಿದಳು, ನಾನು ಎತ್ತಲಿಲ್ಲ. ಅದರ ಮರುದಿನ ಒಂದು ಸಲ ಮಾಡಿದಳು. ಮೊಬೈಲನ್ನು ಮೇಜಿನ ಡ್ರಾಯರಿನಲ್ಲಿ ಬೋರಲು ಹಾಕಿ, ಯಾರದೋ ಕೇರಳದ ಟಿಕೆಟ್ಟು ಮಾಡುತ್ತ ಕೂತೆ. ಡ್ರಾಯರು ಗುಂಯ್‌ಗುಟ್ಟುವುದು ನಿಂತ ಮೇಲೆ ಮೇಜಿಗೆ ಮೊಳಕೈ ಊರಿ ಉಸಿರು ಬಿಟ್ಟೆ.

ಗುಡ್ಡದ ಆಚೆಯ ಊರಿಗೆ ಒಂದು ಹಗಲಿನ ದಾರಿಯೂ ಇರಲಿಲ್ಲ. ಏಪ್ರಿಲ್ ಶುರುವಿನಲ್ಲಿ ಪಕ್ಕದ ಮೇಜಿನವರು ಬೇರೆ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಗುಡ್ಡದ ಮೇಲಿನ ರಸ್ತೆ ಆಗಾಗ ಬಂದ್ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕೆಳಗಿನ ಪೇಟೆಗೆ ಇಳಿದು ಹೊಳೆ ದಾಟಿ ಆ ಕಡೆಯಿಂದ ಹತ್ತಿದರೆ ಎರಡೂವರೆ ತಾಸು, ಯಾವ ಜೀಪಿನವನಾದರೂ ಕರೆದುಕೊಂಡು ಹೋಗುತ್ತಾನೆ ಎಂದರು. ನಾನು ಸ್ಟೇಪ್ಲರ್ ಹಿಡಿದುಕೊಂಡು ಒಂದೇ ಕಾಗದಕ್ಕೆ ಮೂರು ಪಿನ್ನು ಹೊಡೆದೆ.

ಮಾರ್ಚಿನಲ್ಲೇ, ಸಡಾಕ್ಕೆ ವಾಪಸಾದ ಕೂಡಲೇ, ಚಾಚಿ ಅವ್ವನ ಕೈಯಲ್ಲಿ ನನಗೊಂದು ಚೀಲ ಅಕ್ರೋಟು ಕಳಿಸಿದಳು. ಭಾಳ ಚಲೋ ಇತ್ತು, ಎಂಥಾ ಬಿಸಿಲು, ಎಂಥಾ ರೂಮು ಎಂದು ಹೇಳಿ ಕಳಿಸಿದ್ದಳು. ನಮ್ಮ ಹುಡುಗಿ ಹೋಗಿ ಬಂದ ಊರಿಗೇ ನಾವೂ ಹೋಗಿ ಬಂದೆವು ಎಂದು ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ನೀ ಯಾವಾಗ ಹೋಗಿದ್ದಿ, ನನಗ ಹೇಳೇ ಇಲ್ಲಲ್ಲ ಎಂದು ಮುನಿಸಿಕೊಂಡಳು ಕೂಡ. ಅವ್ವನಿಗೂ ಒಂದು ತಾರೀಖು ಹುಟ್ಟಿಸಿ ಹೇಳಿದೆ. ಒಂದು ಸುಳ್ಳಿಗೆ ಎಷ್ಟು ಮಂದಿಯನ್ನು ಸಾಕ್ಷಿ ಮಾಡಿಕೊಂಡೆನೋ, ಲೆಕ್ಕ ತಪ್ಪಿಹೋಗಿದೆ.

ಚಾಚಾನ ಆಪರೇಶನ್ ಮೇ ತಿಂಗಳಲ್ಲಿ ಆಯಿತು. ನೋಡಲು ಹೋಗಬೇಕಿತ್ತು, ಹೋಗಲಿಲ್ಲ. ಪ್ರತಿ ಭಾನುವಾರ ಏನಾದರೊಂದು ಕಾರಣ ಸಿಗುತ್ತಿತ್ತು. ಜುಲೈನಲ್ಲಿ ಮಾಲೀಕರು ವಾಸ್ಕೋದ ಗಿರಾಕಿಯೊಬ್ಬರಿಗೆ ವೀಸಾದ ಕಾಗದ ಮುಟ್ಟಿಸಿ ಬರಲು ನನ್ನನ್ನೇ ಕಳಿಸಿದರು. ಕಾಗದ ಕೊಟ್ಟು ಬಸ್ ಸ್ಟ್ಯಾಂಡಿಗೆ ಬಂದರೆ ಸಡಾದ ಬಸ್ಸು ಎದುರಿಗೇ ನಿಂತಿತ್ತು. ಇವತ್ತು ಹೋಗದಿದ್ದರೆ ಇನ್ನು ಎಂದೂ ಹೋಗುವುದಿಲ್ಲ ಎನ್ನಿಸಿತು. ಹತ್ತಿದೆ. ಎಲ್ಲ ಹೇಳಿಬಿಡಬೇಕು, ಬೈಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಚಾಚಿ ಬಾಗಿಲಲ್ಲೇ ಅಪ್ಪಿಕೊಂಡಳು. ಆಫೀಸಿನಲ್ಲಿ ಆದದ್ದರ, ಎತ್ತದ ಫೋನಿನ ಒಂದು ಮಾತಿಲ್ಲ. "ಎಷ್ಟ್ ಸೊರಗೀಯವಾ," ಎಂದು ಕೆನ್ನೆ ಸವರಿದಳು. ಹೊಸ್ತಿಲಲ್ಲಿ ಕೂತಿದ್ದ ಓಣಿಯ ಹೆಂಗಸಿಗೆ, "ಇಕಿನ ನೋಡು, ನಮ್ಮನ್ನ ಬರ್ಫಕ್ಕ ಕಳಿಸಿದಾಕಿ," ಎಂದು ತೋರಿಸಿದಳು. ಆ ಹೆಂಗಸು ಬಾಯಿ ಮೇಲೆ ಬೆರಳಿಟ್ಟು, "ನೀನೂ ಹೋಗಿ ಬಂದೀಯಂತಲ್ಲಬೇ?" ಎಂದಳು. ನಾನು ತಲೆಯಾಡಿಸಿದೆ. ಚಾಚಿ ಚಹಾ ಮಾಡಲು ಒಳಗೆ ಹೋದಳು, ಓಣಿಯ ಹೆಂಗಸು ಎದ್ದು ಹೋದಳು.

ಚಾಚಾ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಬಲಗಾಲು ದಿಂಬಿನ ಮೇಲೆ, ಮೊಣಕಾಲಿನ ಉದ್ದಕ್ಕೂ ಹೊಲಿಗೆಯ ಗುರುತು. ಗೋಡೆಗೆ ವಾಕರ್ ಒರಗಿಸಿತ್ತು. ನಾನು ಕೆಳಗೆ ಚಾಪೆಯ ಮೇಲೆ ಕೂತೆ. ಹೇಗಿದ್ದೀರಿ ಎಂದೆ, ಚಲೋ ಇದ್ದೇನಿ ಎಂದರು. ಆಮೇಲೆ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಚಾಚಾ, ನಾ ಆ ಊರಿಗೆ ಹೋಗೇ ಇರಲಿಲ್ರಿ," ಎಂದೆ.

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಗೊತ್ತೈತಿ."

"ಯಾವಾಗಿಂದ್ರಿ?"

"ನಿಮ್ಮ ಆಫೀಸಿನ್ಯಾಗ ಕುಂತಾಗಿಂದ." ಮೊಣಕಾಲನ್ನು ಮೆಲ್ಲಗೆ ಸವರುತ್ತ ಹೇಳಿದರು. "ದಾರಿ ಹೆಂಗೈತಿ ಅಂತ ಕೇಳಿದೆ. ಚಲೋ ಐತಿ ಅಂದಿ. ಅಂಥಾ ಘಾಟ್ ಹತ್ತಿ ಬಂದವ್ರು ಮೊದಲ ದಾರೀದ ಹೇಳ್ತಾರವಾ. ಎಲ್ಲಿ ವಾಂತಿ ಆತು, ಎಲ್ಲಿ ಎದಿ ಹಾರಿತು, ಎಲ್ಲಿ ಚಹಾ ಚಲೋ ಸಿಕ್ತು. ನೀ ಬರೇ ರೂಮಿಂದು ಹೇಳಿದಿ."

"ಮತ್ತ ಯಾಕ ಹೋದ್ರಿ? ಅಲ್ಲೇ ಕೇಳಬೇಕಿತ್ತು. ಇನ್ನೊಂದು ಊರು ತೋರ್ಸು ಅನ್ನಬೇಕಿತ್ತು."

"ಹೆಂಗ ಅನ್ನಲಿ? ಸೋಫಾದಾಗ ಮಂದಿ ಕುಂತಿದ್ರು. ನಿಮ್ಮ ಸಾಹೇಬ್ರು ನೋಡಾಕತ್ತಿದ್ರು." ಕಾಲಡಿಯ ದಿಂಬನ್ನು ಸರಿಮಾಡಿಕೊಂಡರು. "ನಾವು ಬಂದಿದ್ದಕ್ಕ ನಿನಗ ಮೊದಲ ಸಂಕಟ ಆಗಿತ್ತು. ಅದರಾಗ ನಿನ್ನ ಸುಳ್ಳಾಕಿ ಮಾಡೂದು ಬ್ಯಾಡ ಅನಸ್ತು. ಲಗೂನ ಎದ್ದು ಹೋದ್ರ ಸಾಕು ಅಂದ್ಕೊಂಡೆ. ಎರಡೂ ಒಂದ ಇರಬಹುದು, ನಸೀಬ ಇದ್ರ ಬೀಳತೈತಿ ಅಂತ ಹೋದ್ವಿ."

ನಾನು ಬೈಸಿಕೊಳ್ಳಲು ಬಂದಿದ್ದೆ. ಅವರು ಒಂದು ಬೈಗುಳವನ್ನೂ ಕೊಡಲಿಲ್ಲ. ನೆಲಕ್ಕೆ ಬಗ್ಗಿ ಅವರ ಕಾಲು ಮುಟ್ಟಲು ಹೋದೆ. "ಹೇ, ಆ ಕಾಲು ಬ್ಯಾಡ, ನೋಯತೈತಿ," ಎಂದು ನಗಿಸಲು ನೋಡಿದರು. ಆಮೇಲೆ ಗಂಭೀರವಾಗಿ ಹೇಳಿದರು: "ಇದನ್ನ ನಿಮ್ಮ ಚಾಚಿ ಮುಂದ ಆಡಬ್ಯಾಡ. ಆಕಿ ನಿನ್ನ ಹೆಸರ ಹೇಳಕೋತ ಖುಷಿಯಿಂದ ಅದಾಳ. ಇರಲಿ."

ಆಗಲೇ ನನ್ನ ಫೋನು ಬಡಿದುಕೊಂಡಿತು. ಮಾಲೀಕರು. ಎತ್ತಿದೆ. ಎಲ್ಲಿದ್ದೀಯಾ, ಇಷ್ಟು ಹೊತ್ತು ಯಾಕೆ ಎಂದು ಕೊಂಕಣಿಯಲ್ಲಿ ಕೇಳಿದರು. ಸಡಾದಲ್ಲಿದ್ದೇನೆ, ನಮ್ಮ ಚಾಚಾನ ಮನೆಯಲ್ಲಿ ಎನ್ನಲು ಎಷ್ಟು ಹೊತ್ತು ಬೇಕು? ಎದುರಿಗೆ ಆ ಮನುಷ್ಯ ಕೂತಿದ್ದರು, ಅವರು ಆಡಿದ ಮಾತು ಇನ್ನೂ ಕಿವಿಯಲ್ಲಿತ್ತು.

"ಗಿರಾಕಿಯ ಮನೆಯಲ್ಲೇ ಇದ್ದೇನೆ ಸರ್," ಎಂದೆ ಕೊಂಕಣಿಯಲ್ಲಿ. "ಇನ್ನೇನು ಹೊರಟೆ."

ಫೋನು ಇಟ್ಟ ಮೇಲೆ ನೆನಪಾಯಿತು. ಮೂವತ್ತು ವರ್ಷ ಗೋವಾದ ರಸ್ತೆಗಳಲ್ಲಿ ಲಾರಿ ಓಡಿಸಿದವರಿಗೆ ಕೊಂಕಣಿ ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು. ನಾನು ತಲೆ ಎತ್ತಿದೆ. ಚಾಚಾ ನನ್ನ ಕಡೆ ನೋಡುತ್ತಿರಲಿಲ್ಲ, ಅಡುಗೆಮನೆಯ ಕಡೆ ತಿರುಗಿದ್ದರು.

"ಚಹಾ ಲಗೂನ ತಾ," ಎಂದು ಚಾಚಿಗೆ ಕೂಗಿದರು. "ಆಕಿಗೆ ಆಫೀಸಿಗೆ ತಡಾ ಆಗೇತಿ."

ಚಾಚಿ ಸೆರಗಿನಲ್ಲಿ ಲೋಟ ಹಿಡಿದುಕೊಂಡು ಓಡುತ್ತ ಬಂದಳು. ಬಾಯಿ ಸುಡುವಷ್ಟು ಬಿಸಿಯಾಗಿತ್ತು. ಕೂತುಕೊಂಡು ಕುಡಿಯವಾ ಎಂದಳು. ನಾನು ನಿಂತೇ ಕುಡಿದೆ.